ಹುಳದ ಮಾಮಾ

ಅವರು ತೀರಿಕೊಂಡ ಸುದ್ದಿ ನನಗೆ ಸಿಕ್ಕಿದ್ದು ನವಲಗುಂದದ ಬಸ್ಸಿನಲ್ಲಿ. ಎರಡು ಸೀಟು ಮುಂದೆ ಕೂತಿದ್ದ ಆರೋಗ್ಯ ಕೇಂದ್ರದ ಸಿಸ್ಟರ್ ನನ್ನನ್ನು ಕಂಡು ಹಿಂದಕ್ಕೆ ತಿರುಗಿ, ಇಂಜಿನ್ನಿನ ಗದ್ದಲವನ್ನು ಮೀರಿಸುವಂತೆ ಕೂಗಿ ಹೇಳಿದರು: "ಅಕ್ಕಾರ, ನಮ್ಮ ಹುಳದ ಮಾಮಾ ಹೋಗಿಬಿಟ್ರಲ್ರಿ!" ಬಸ್ಸಿನಲ್ಲಿದ್ದವರೆಲ್ಲ ನನ್ನ ಕಡೆ ನೋಡಿದರು. ಹುಳದ ಮಾಮಾ ಅಂದರೆ ಯಾರು, ಆತ ಹೋದರೆ ಈ ಶಾಲೆಯ ಅಕ್ಕಾವರು ಸೆರಗಿನಿಂದ ಯಾಕೆ ಕಣ್ಣು ಒರೆಸಿಕೊಳ್ಳಬೇಕು ಎಂದು ಬಾಜೂಕಿನ ಹೆಂಗಸಿಗೆ ತಿಳಿಯಲಿಲ್ಲ. ತಡೆಯಲಾರದೆ ಕೇಳಿಯೇಬಿಟ್ಟಳು: "ನಿಮ್ಮ ಸೋದರಮಾವ ಏನ್ರಿ?" ಹೌದು ಅಂದೆ. ಸುಳ್ಳು ಹೇಳಿದೆನಲ್ಲ ಎಂದು ನನಗೆ ಒಂದಿಷ್ಟೂ ಅನ್ನಿಸಲಿಲ್ಲ.

ಅವರು ನಮ್ಮ ಭಾಗದ ಸರಕಾರಿ ಆರೋಗ್ಯ ಕೇಂದ್ರದಲ್ಲಿ ಲ್ಯಾಬ್ ಟೆಕ್ನಿಷಿಯನ್ ಆಗಿದ್ದರು. ರಕ್ತ, ಕಫ, ಮೂತ್ರ, ಮಲ, ಹೀಗೆ ಜನ ಮೂಗು ಮುಚ್ಚಿಕೊಂಡು ಕೊಟ್ಟದ್ದನ್ನು ಕಣ್ಣು ತೆರೆದು ನೋಡುವ ಕೆಲಸ. ಊರು ಕಲಘಟಗಿ. ಮನೆತನದ ಕಸುಬು ತೊಟ್ಟಿಲಿಗೆ ಬಣ್ಣ ಬರೆಯುವುದು. ಆ ಕೈ ಇವರಿಗೂ ಬಂದಿತ್ತು. ಆದರೆ ಇವರು ಬರೆಯುತ್ತಿದ್ದದ್ದು ನವಿಲು, ಗಿಳಿ ಅಲ್ಲ. ಸೂಕ್ಷ್ಮದರ್ಶಕದಲ್ಲಿ ಕಂಡ ಹುಳದ ತತ್ತಿಗಳನ್ನು ಬಣ್ಣದ ಪೆನ್ಸಿಲ್ಲಿನಲ್ಲಿ ಒಂದು ನೋಟಬುಕ್ಕಿನ ತುಂಬ ಬರೆದಿಟ್ಟಿದ್ದರು. ತಾಯಂದಿರಿಗೆ ಅದನ್ನು ತೋರಿಸಿ, "ನೋಡವಾ, ಇದು ನಿನ್ನ ಮಗನ ಹೊಟ್ಟ್ಯಾಗಿಂದು" ಅನ್ನುತ್ತಿದ್ದರು. ಒಬ್ಬ ಮುದುಕಿ ಅದನ್ನು ನೋಡಿ, "ಏಟ ಚಂದ ಐತಿ ನೋಡ್ರಿ, ಇದನ್ನ ಕೌದಿಗೆ ಹಾಕಬೇಕು" ಎಂದಿದ್ದಳು. ಆ ಮಾತು ಅವರಿಗೆ ಯಾವ ಪ್ರಶಸ್ತಿಗಿಂತ ಕಡಿಮೆಯಾಗಿರಲಿಲ್ಲ.

ಕಂಡವರ ಕಣ್ಣಿನ ಕೆಳರೆಪ್ಪೆಯನ್ನು ಹೆಬ್ಬೆರಳಿನಿಂದ ಜಗ್ಗಿ ನೋಡುವುದು ಅವರಿಗೆ ಚಟವಾಗಿತ್ತು. ಒಳಗೆ ಕೆಂಪಿದ್ದರೆ ರಕ್ತ ಇದೆ, ಬಿಳಿಚಿದ್ದರೆ ಇಲ್ಲ. ಮಕ್ಕಳು ಸರಿ, ಒಮ್ಮೆ ಶಾಲೆಯ ಎಸ್‌ಡಿಎಂಸಿ ಸಭೆಯಲ್ಲಿ ನಮ್ಮ ಹೆಡ್ಮಾಸ್ತರರ ರೆಪ್ಪೆಯನ್ನೇ ಜಗ್ಗಿದ್ದರು. ಹೆಂಗಸಾದ್ದರಿಂದ ನನಗೆ ರಿಯಾಯಿತಿ ಸಿಕ್ಕಿತು. ಮೊದಲ ಭೇಟಿಯಲ್ಲಿ ನಮಸ್ಕಾರ ಆದ ಕೂಡಲೇ, "ಅಕ್ಕಾರ, ತಪ್ಪ ತಿಳಕೋಬ್ಯಾಡ್ರಿ, ನಿಮ್ಮ ಕಣ್ಣ ನೀವ ಸ್ವಲ್ಪ ಕೆಳಗ ಜಗ್ರಿ" ಅಂದರು. ಜಗ್ಗಿದೆ. "ಮದ್ಲ ನೀವು ಹೊಟ್ಟಿತುಂಬ ಉಣ್ರಿ, ಆಮ್ಯಾಲೆ ಹುಡುಗೂರಿಗೆ ಕಲಸ್ರಿ" ಅಂದರು. ನನಗೆ ಸಿಟ್ಟು ಬಂತು. ನನಗೆ ಸಿಟ್ಟು ಬರಲು ದೊಡ್ಡ ಕಾರಣ ಬೇಕಾಗಿಲ್ಲ, ಅದು ಊರಿಗೇ ಗೊತ್ತಿದ್ದ ಸಂಗತಿ.

ಆ ಭೇಟಿ ಆದದ್ದು ನಮ್ಮೂರಿನ ಶೆಡ್ಡುಗಳಲ್ಲಿ. ನಮ್ಮೂರ ಪಕ್ಕದ ಬೆಣ್ಣಿಹಳ್ಳದ ಹೆಸರು ಕೇಳಿದವರು ಅದು ಬೆಣ್ಣೆಯಷ್ಟು ಮೆತ್ತಗಿನ ಹಳ್ಳ ಅಂದುಕೊಳ್ಳುತ್ತಾರೆ. ಬೇಸಿಗೆಯಲ್ಲಿ ಎಮ್ಮೆಯ ಮೈ ತೋಯಿಸುವಷ್ಟು ನೀರೂ ಅದರಲ್ಲಿ ಇರುವುದಿಲ್ಲ. ಆ ವರ್ಷದ ಮಳೆಗಾಲದಲ್ಲಿ ಅದು ಊರೊಳಗೆ ಬಂತು. ನಮ್ಮ ಕಡೆ ಮನೆಗಳೆಲ್ಲ ಮಣ್ಣಿನ ಮಾಳಿಗೆಯವು. ಕಟ್ಟಿಗೆಯ ಜಂತಿಗಳನ್ನು ಸಾಲಾಗಿ ಹಾಕಿ, ಅದರ ಮೇಲೆ ಮಣ್ಣು ಹೇರಿರುತ್ತಾರೆ. ಗೋಡೆ ನೆನೆದರೆ ಜಂತಿ ಬೀಳುತ್ತದೆ, ಜಂತಿ ಬಿದ್ದರೆ ಮನೆ ಹೋಯಿತು ಎಂದೇ ಲೆಕ್ಕ. ಕೆಳಗಿನ ಓಣಿ ಪೂರ್ತಿ ಹೋಯಿತು. ಜನ ಮೊದಲು ನಮ್ಮ ಶಾಲೆಯಲ್ಲಿದ್ದರು, ಆಮೇಲೆ ಊರಾಚೆಯ ಗಾಯರಾಣದಲ್ಲಿ, ಅಂದರೆ ದನ ಮೇಯಿಸುವ ಸರಕಾರಿ ಬಯಲಿನಲ್ಲಿ, ಹಾಕಿಸಿದ ತಗಡಿನ ಶೆಡ್ಡುಗಳಿಗೆ ಹೋದರು. ಒಟ್ಟು ಇಪ್ಪತ್ತೆರಡು ಶೆಡ್ಡು. ಮೂರು ತಿಂಗಳ ಮಟ್ಟಿಗೆ ಅಂದಿದ್ದರು, ಎರಡು ವರ್ಷವಾಯಿತು. ನೀರಿಗೆ ದಿನಕ್ಕೊಂದು ಟ್ಯಾಂಕರ್. ಕಟ್ಟಿಸಿದ್ದ ನಾಲ್ಕು ಸಂಡಾಸಿಗೆ ನೀರೇ ಇಲ್ಲದ್ದರಿಂದ ಅವಕ್ಕೆ ಸೌದೆ ತುಂಬಿದ್ದರು. ದೊಡ್ಡವರು, ಸಣ್ಣವರು ಎಲ್ಲರೂ ಚರಿಗೆ ಹಿಡಿದು ಶೆಡ್ಡಿನ ಹಿಂದಿನ ಬಯಲಿಗೇ ಹೋಗಬೇಕು. ನೆರೆಯಲ್ಲಿ ಚಪ್ಪಲಿ ಕಳೆದುಕೊಂಡ ಮಕ್ಕಳು ಅದೇ ಎರೆಮಣ್ಣಿನಲ್ಲಿ ಬರಿಗಾಲಲ್ಲಿ ಆಡಬೇಕು. ಊರಿನವರು ಅವರನ್ನು 'ಶೆಡ್ಡಿನವರು' ಎಂದು ಕರೆಯತೊಡಗಿದರು. ಮೊನ್ನೆ ಮೊನ್ನೆಯವರೆಗೆ ಗೌಡರ ಬಾಜೂಕಿನವರು, ಮಠದ ಹಿಂದಿನವರು ಆಗಿದ್ದ ಜನ!

ಮಕ್ಕಳ ಹೊಟ್ಟೆ ಗಡಿಗೆಯಾಗಿ, ಕೈಕಾಲು ಕಡ್ಡಿಯಾಗತೊಡಗಿದಾಗ ಇವರು ಸ್ಕೂಟರಿನಲ್ಲಿ ಮುಚ್ಚಳದ ಸಣ್ಣ ಸಣ್ಣ ಡಬ್ಬಿಗಳ ಚೀಲ ಹೇರಿಕೊಂಡು ಬಂದರು. ನಾಳೆ ಮುಂಜಾನೆ ಮಕ್ಕಳ ಮಲ ಇದರಲ್ಲಿ ಬೇಕು ಅಂದರು. ಶೆಡ್ಡಿನ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಆ ವಸ್ತುವಿಗೆ ನಮ್ಮಲ್ಲಿ ಇರುವ ಎರಡಕ್ಷರದ ಪದವನ್ನು ಅವರು ಸರಾಗವಾಗಿ ಆಡುತ್ತಿದ್ದರು. ನಾವು ಬೈಯಲು ಬಳಸುವ ಆ ಪದ ಅವರ ಬಾಯಲ್ಲಿ ಹಿಟ್ಟು, ಉಪ್ಪು ಅಂದಷ್ಟೇ ಸಾದಾ ಆಗಿ ಕೇಳುತ್ತಿತ್ತು.

ಅವರ ಬಗ್ಗೆ ಎಲ್ಲರಿಗೂ ನಂಬಿಕೆ ಹುಟ್ಟಿಸಿದ್ದು ಚಹಾ. ಯಾವ ಶೆಡ್ಡಿನಲ್ಲಿ ಕೊಟ್ಟರೂ ಕುಡಿಯುತ್ತಿದ್ದರು. ಅವರಿಗೆ ವಿಪರೀತ ಆಮ್ಲಪಿತ್ತ, ಜೇಬಿನಲ್ಲಿ ಗುಳಿಗೆ ಇಟ್ಟುಕೊಂಡೇ ತಿರುಗುತ್ತಿದ್ದರು. ಆದರೂ ಒಂದು ಬೆಳಿಗ್ಗೆ ಏಳು ಕಪ್ಪು ಕುಡಿದದ್ದನ್ನು ನಾನೇ ಕಂಡಿದ್ದೇನೆ. "ಈ ನೀರಿನ್ಯಾಗ ಏನೇನ ಐತಿ ಅಂತ ನಿಮಗ ಎಲ್ಲಾರಕಿಂತ ಛೊಲೋ ಗೊತ್ತೈತಿ, ಮತ್ತ ಯಾಕ ಕುಡೀತೀರಿ?" ಎಂದು ಕೇಳಿದೆ. "ಕುದ್ದ ನೀರಿನ್ಯಾಗ ಏನೂ ಉಳಿಯೂದಿಲ್ರಿ ಅಕ್ಕಾರ. ಒಲ್ಲೆ ಅಂದ್ರ ಅವರ ಮನಸಿನ್ಯಾಗ ಉಳೀತೈತಿ" ಅಂದರು.

ಇನ್ನು ಅವರ ಪ್ರಸಿದ್ಧ ತಪ್ಪಿನ ಕಥೆ ಹೇಳಲೇಬೇಕು. ಹೊಟ್ಟೆಯ ಹುಳಕ್ಕೆ ನಮ್ಮ ಜನ ಬರೀ 'ಹುಳ' ಅನ್ನುತ್ತಾರೆ. ಇವರು ಇಲಾಖೆಯ ಭಿತ್ತಿಪತ್ರ ಓದಿ ಓದಿ 'ಜಂತು' ಅನ್ನುತ್ತಿದ್ದರು. ಕಲಘಟಗಿಯ ಕಡೆ ಮಳೆ ಜಾಸ್ತಿ, ಹಂಚಿನ ಮನೆ. ನಮ್ಮ ಮಾಳಿಗೆಯ ಜಂತಿ ಅವರ ತಲೆಗೆ ಹೊಳೆಯುವ ಮಾತೇ ಅಲ್ಲ. ಮೊದಲ ದಿನ ಕೊನೆಯ ಶೆಡ್ಡಿನ ಫಕೀರವ್ವನ ಎದುರು ಕೂತು, ಪೆನ್ನು ತೆಗೆದು ಕೇಳಿದರು:

"ಜಂತು ಬಿದ್ದಾವೇನವಾ?"

"ಬಿದ್ದಾವ್ರಿ ಸಾಹೇಬ್ರ. ಒಂದೂ ಉಳದಿಲ್ಲ."

"ಎಷ್ಟ ಬಿದ್ದಾವ?"

"ಹದಿನಾಲ್ಕು."

ಸಾಹೇಬರ ಪೆನ್ನು ನಿಂತಿತು. "ಹದಿನಾಲ್ಕ! ಒಮ್ಮಿಗೇ ಬಿದ್ದೂ ಏನು?"

"ಇಲ್ರಿ. ಮದ್ಲ ನಾಕ ಬಿದ್ದೂ. ಬೆಳಕ ಹರಿಯೂದ್ರಾಗ ಉಳಿದಾವೂ ಬಿದ್ದೂ."

"ಎಷ್ಟ ಉದ್ದ ಇದ್ದೂ?"

"ಆರ ಮೊಳದಾವ್ರಿ. ಗಟ್ಟಿ ಬೇವಿನ ಕಟಗಿ. ನಮ್ಮ ಮಾವ ಹಾಕಿಸಿದ್ದು."

ನಾನು ಬಾಗಿಲ ತಗಡಿಗೆ ಹಣೆ ಹಚ್ಚಿಕೊಂಡು ನಕ್ಕೆ. ಅವರೂ ನೆಲಕ್ಕೆ ಕೈಯೂರಿ ನಕ್ಕರು, ಆದರೆ ನನಗಿಂತ ಬೇಗ ನಿಲ್ಲಿಸಿದರು. ಫಕೀರವ್ವ ನಗುತ್ತಿರಲಿಲ್ಲ. ಅವರು ಪೆನ್ನನ್ನು ಜೇಬಿಗಿಟ್ಟು, ಆ ಮನೆಯ ಅಡಿಗೆಮನೆ ಎಲ್ಲಿತ್ತು, ಕಾಳು ತುಂಬುವ ಹಗೇವು ಎಲ್ಲಿತ್ತು, ಮಕ್ಕಳು ಎಲ್ಲಿ ಮಲಗುತ್ತಿದ್ದರು ಎಂದು ಒಂದೊಂದಾಗಿ ಕೇಳುತ್ತ ಅರ್ಧ ತಾಸು ಕೂತರು. ಇಲ್ಲದ ಮನೆಯನ್ನು ಫಕೀರವ್ವ ಅವರಿಗೆ ಕೈ ಮಾಡಿ ಮಾಡಿ ತೋರಿಸಿದಳು.

ಪರಿಣಾಮ ಮಾತ್ರ ಬೇರೆಯೇ ಆಯಿತು. ಜಂತಿ ಬರೆದುಕೊಳ್ಳುವ ಸಾಹೇಬರು ಬಂದಿದ್ದಾರೆ, ಡಬ್ಬಿ ಕೊಟ್ಟವರಿಗೆ ಮನೆ ಸಿಗುತ್ತದೆ ಎಂದು ಸುದ್ದಿ ಹಬ್ಬಿತು. ಮರುದಿನ ಮುಂಜಾನೆ ಡಬ್ಬಿಗಳ ಸುರಿಮಳೆ. ಮಕ್ಕಳಿಲ್ಲದ ಮನೆಯಿಂದಲೂ ಡಬ್ಬಿ! ಸಂಜೆ ಅವರು ಶಾಲೆಗೆ ಬಂದು ತಲೆಗೆ ಕೈ ಹಚ್ಚಿ ಕೂತರು. "ಒಂದ ಹೊಟ್ಟಿಯ ಮಾಲು ಮೂರು ಡಬ್ಬಿಯೊಳಗ ಐತ್ರಿ ಅಕ್ಕಾರ. ಸ್ಲೈಡಿನ್ಯಾಗ ಗೊತ್ತಾಗತೈತಿ." "ಇರಲಿ ಬಿಡ್ರಿ, ಹಂಗರ ಕೊಡ್ತಾರಲ್ಲ, ಸುಮ್ಮನಿರ್ರಿ" ಅಂದೆ. ನಾನಾಗಿದ್ದರೆ ಹಾಗೆಯೇ ಮಾಡುತ್ತಿದ್ದೆ. ಅವರು, "ಮನಿ ಬಿದ್ದವರಿಗೆ ಮನಿ ಆಶಾ ಹಚ್ಚಿ ಇಸಗೊಳ್ಳೂದು ಬ್ಯಾಡ್ರಿ" ಅಂದರು. ಮರುದಿನ ಟ್ಯಾಂಕರಿನ ಪಾಳಿಯಲ್ಲಿ ಎಲ್ಲರೂ ಕೊಡ ಹಿಡಿದು ನಿಂತಿದ್ದಾಗ ಗಟ್ಟಿಯಾಗಿ ಹೇಳಿದರು: ಇದು ಮನೆಯ ಲೆಕ್ಕವಲ್ಲ, ಮಕ್ಕಳ ಹೊಟ್ಟೆಯ ಲೆಕ್ಕ, ತಪ್ಪು ಮಾತಾಡಿದ್ದು ನಾನು, ಹೊಟ್ಟೆಗೆ ಹಾಕಿಕೊಳ್ಳಿ. ಅದರ ಮಾರನೆಯ ದಿನ ಬಂದದ್ದು ಆರೇ ಡಬ್ಬಿ. ಅಲ್ಲಿಂದ ಮುಂದೆ ಒಂದೊಂದು ಡಬ್ಬಿಗೂ ಏಳು ಕಪ್ಪು ಚಹಾ ಕುಡಿಯಬೇಕಾಯಿತು.

ಇಷ್ಟು ಬರೆದು ನಾನು ನಿಲ್ಲಿಸಬಹುದಿತ್ತು. ನಗಿಸಿದ ಹಾಗೂ ಆಗುತ್ತಿತ್ತು, ಅವರನ್ನು ಹೊಗಳಿದ ಹಾಗೂ ಆಗುತ್ತಿತ್ತು. ಆದರೆ ನನ್ನ ತಪ್ಪನ್ನು ಬಿಟ್ಟು ಅವರ ತಪ್ಪನ್ನಷ್ಟೇ ಬರೆದರೆ ಅದು ನ್ಯಾಯವಲ್ಲ.

ಫಕೀರವ್ವನ ಮಗಳು ರೇಣುಕಾ ನನ್ನ ನಾಲ್ಕನೆಯ ತರಗತಿಯಲ್ಲಿದ್ದಳು. ಸಣ್ಣ ಜೀವ, ಮಾತು ಕಡಿಮೆ, ಪ್ರಾರ್ಥನೆಗೆ ನಿಂತರೆ ಗೋಡೆ ಹಿಡಿಯುತ್ತಿದ್ದಳು. ಸೋಮಾರಿ ಎಂದುಕೊಂಡಿದ್ದೆ. ಆ ದಿನಗಳಲ್ಲಿ ನನ್ನ ಮೇಜಿನ ಮೇಲಿನ ಖಡುಗಳು, ಅಂದರೆ ಸೀಮೆಸುಣ್ಣದ ತುಂಡುಗಳು, ಮಾಯವಾಗತೊಡಗಿದವು. ಒಂದು ದಿನ ಎಲ್ಲರ ಚೀಲ ಸುರುವಿಸಿದೆ. ರೇಣುಕಾಳ ಚೀಲದಿಂದ ಐದಾರು ತುಂಡು ಬಿದ್ದವು. ಅವಳನ್ನು ಕರೆದು ಬೋರ್ಡಿನ ಮುಂದೆ ನಿಲ್ಲಿಸಿದೆ. ಆಮೇಲೆ ಒಂದು ಮಾತು ಅಂದೆ. ಅದನ್ನು ಬದಲಿಸದೆ ಬರೆಯುತ್ತೇನೆ: "ಶೆಡ್ಡಿನವರಿಗೆ ಶಾಲಿ ಕೊಟ್ರ ಖಡು ಸೈತ ಉಳಸೂದಿಲ್ಲ ಇವು." ಮಕ್ಕಳೆಲ್ಲ ನಕ್ಕರು, ಶೆಡ್ಡಿನ ಮಕ್ಕಳನ್ನು ಬಿಟ್ಟು. ಅವಳು ಅಳಲಿಲ್ಲ. ಅಂದು ಸಂಜೆಯೊಳಗೆ ಅವಳ ಹೆಸರು 'ಖಡುಕಳ್ಳಿ' ಆಯಿತು. ಮರುದಿನದಿಂದ ಶಾಲೆಗೆ ಬರುವುದನ್ನು ಬಿಟ್ಟಳು. ಒಮ್ಮೆ ಯಾರ ಕೈಯಲ್ಲೋ ಹೇಳಿಕಳಿಸಿದೆ, ಅಷ್ಟೇ. ನನಗೆ ನಲವತ್ತು ಮಕ್ಕಳು, ಒಂದು ಬರಲಿಲ್ಲವೆಂದು ಊಟ ಬಿಡುವವಳಲ್ಲ ನಾನು.

ಸುಮಾರು ಒಂದು ತಿಂಗಳಾದ ಮೇಲೆ ಅವರು ಶಾಲೆಗೆ ಬಂದರು. ಎಂದಿನ ತಮಾಷೆ ಇರಲಿಲ್ಲ. "ಆ ಫಕೀರವ್ವನ ಮಗಳು ಅದಾಳಲ್ರಿ, ಆಕಿ ರೆಪ್ಪಿ ಜಗ್ಗಿದ್ರ ಹಾಳಿ ಹಂಗ ಬೆಳ್ಳಗದಾವ. ಡಬ್ಬಿ ನೋಡಿದ್ರ ಅಗದಿ ಸ್ವಚ್ಛ ಐತಿ, ಒಂದ ತತ್ತಿ ಇಲ್ಲ. ಕಣ್ಣ ಒಂದ ಹೇಳತಾವ, ಡಬ್ಬಿ ಒಂದ ಹೇಳತೈತಿ. ಆಕಿ ಮಣ್ಣ ಗಿಣ್ಣ ತಿಂತಾಳೇನ್ರಿ?"

"ಮಣ್ಣಿಂದ ಗೊತ್ತಿಲ್ಲ. ಖಡು ಕದೀತಾಳ" ಅಂದೆ.

ಅವರು ಆ ಖಡು ಇದ್ದರೆ ತೋರಿಸಿ ಅಂದರು. ಸಾಕ್ಷಿಯೆಂದು ಡ್ರಾಯರಿನಲ್ಲಿ ಕಾಗದದಲ್ಲಿ ಸುತ್ತಿಟ್ಟಿದ್ದೆ, ಅಂಥ ಬುದ್ಧಿ ನನ್ನದು. ಕಿಟಕಿಯ ಬೆಳಕಿಗೆ ಹೋಗಿ ಒಂದೊಂದನ್ನೂ ತಿರುಗಿಸಿ ನೋಡಿದರು. "ಅಕ್ಕಾರ, ಇದರ ಮ್ಯಾಲೆ ಹಲ್ಲಿನ ಗುರ್ತ ಅದಾವ" ಅಂದರು. ಒಂದು ತಿಂಗಳು ನನ್ನ ಡ್ರಾಯರಿನಲ್ಲೇ ಇದ್ದ ಖಡು, ನಾನು ಆ ಗುರುತನ್ನು ಕಂಡಿರಲಿಲ್ಲ.

ಅಲ್ಲಿಂದ ನೇರ ಫಕೀರವ್ವನ ಶೆಡ್ಡಿಗೆ ಹೋದರು. ನಾನೂ ಹೋದೆ, ಹೊರಗೆ ನಿಂತೆ. ಡಬ್ಬಿ ಯಾರದು ಎಂದು ಅವರು ಮೆತ್ತಗೆ ಕೇಳಿದಾಗ ಫಕೀರವ್ವ ಬಹಳ ಹೊತ್ತು ಒಲೆಯನ್ನೇ ಊದುತ್ತ ಕೂತಳು. ಕೊನೆಗೆ ಹೇಳಿದಳು: "ಸಣ್ಣಾಂವಂದ್ರಿ. ಆತಗ ಏನೂ ಇಲ್ಲಂತ ಗೊತ್ತಿತ್ತು, ಅದಕ್ಕ ಆತಂದ ಕೊಟ್ಟೆ. ಹೆಣ್ಣ ಹುಡುಗಿ ಹೆಸರಿಗೆ ಹುಳದಾಕಿ ಅಂತ ಬರಕೊಂಡ ಹೋಗ್ತೀರಿ. ಮದ್ಲ ಕಳ್ಳಿ ಅನಿಸಿಕೊಂಡಾಳ. ಇನ್ನೊಂದ ಹೆಸರ ಯಾಕ್ರಿ ಆಕಿಗೆ?"

ಒಳಗಿನ ಮಾತು ಹೊರಗೆ ಕೇಳದಿರಲು ಅದೇನು ಕಲ್ಲುಗೋಡೆಯೆ, ತಗಡು. ನಾನು ಅಲ್ಲಿಂದ ಎರಡು ಹೆಜ್ಜೆ ದೂರ ಸರಿದೆ. ಅವರ ದನಿ ಕೇಳಿಸಿತು: "ಹೆಸರ ಬರಿಯೂದಿಲ್ಲವಾ. ನಂಬರ ಅಷ್ಟ ಬರೀತೇನಿ. ಆಣಿ ಮಾಡ್ಲೇನು?" ಆಣೆ ಬೇಡ ಅಂದಳು ಫಕೀರವ್ವ, ಚಹಾ ಕುಡಿಯಿರಿ ಅಂದಳು. ಕುಡಿದರು.

ಮುಂದಿನ ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ನಾನು ಆರೋಗ್ಯ ಕೇಂದ್ರಕ್ಕೆ ಹೋದೆ. ಅವರೇ ಕರೆಸಿದ್ದರು. ಕುರ್ಚಿ ಬಿಟ್ಟು ಎದ್ದು, ಇದು ರೇಣುಕಾಳದೇ ಡಬ್ಬಿಯದು, ಕಣ್ಣಿಡಿ ಅಂದರು. ಮೊದಲು ಏನೂ ಕಾಣಲಿಲ್ಲ. ಅವರು ತಿರುಪು ತಿರುಗಿಸಿದ ಮೇಲೆ ಕಂಡಿತು: ತೆಳ್ಳನೆಯ ಗೆರೆಯೊಳಗೆ ಮೂರು ನಾಲ್ಕು ಬೂದು ಚುಕ್ಕೆ, ಸಾಬಕ್ಕಿಯ ಕಾಳಿನಂತೆ. ಸ್ಲೈಡು ಸರಿಸಿದಷ್ಟೂ ಅಂಥವೇ.

"ಕೊಕ್ಕಿಹುಳದ ತತ್ತಿ" ಅಂದರು. "ಬರಿಗಾಲಿನಿಂದ ಒಳಗ ಹೋಗಿ ಕರಳಿಗೆ ಕಚ್ಚಿಕೊಂಡ ಕುಂತಿರತಾವ. ದಿನಾ ಒಂದೀಟ ಒಂದೀಟ ರಕ್ತ ಕುಡೀತಾವ. ಮೈಯಾಗ ರಕ್ತ ಇಲ್ಲಂದ್ರ ನಾಲಿಗಿ ಮಣ್ಣ ಬೇಡತೈತಿ, ಸುಣ್ಣ ಬೇಡತೈತಿ, ಖಡು ಬೇಡತೈತಿ. ಯಾಕ ತಿಂತೇನಿ ಅಂತ ಆ ಹುಡುಗಿಗೇ ಗೊತ್ತಿರೂದಿಲ್ರಿ."

ನಾನು ಕಣ್ಣು ತೆಗೆಯದೆ ಸೂಕ್ಷ್ಮದರ್ಶಕವನ್ನೇ ನೋಡುತ್ತ ಕೂತೆ. ಕಣ್ಣು ತೆಗೆದರೆ ಅವರ ಮುಖ ನೋಡಬೇಕಲ್ಲ. ಗಾಜಿನ ಮೇಲೆ ನನ್ನ ಕಣ್ಣೀರು ಬಿದ್ದು ತತ್ತಿಗಳೆಲ್ಲ ಮಸುಕಾದವು. ಅವರು ಹತ್ತಿಯ ತುಂಡಿನಿಂದ ಗಾಜು ಒರೆಸಿದರು. "ಡಾಕ್ಟರು ಗುಳಗಿ ಬರದಾರ. ಹುಳದ್ದು ಈಗ, ರಕ್ತದ್ದು ಮೂರು ತಿಂಗಳು. ಉಳಿದದ್ದಕ್ಕ ನಮ್ಮ ಕಡೆ ಔಷಧ ಇಲ್ರಿ ಅಕ್ಕಾರ" ಅಂದರು.

ಗುಳಿಗೆ ತನ್ನ ಕೆಲಸ ಮಾಡಿತು. ರೇಣುಕಾ ಈಗ ಹೈಸ್ಕೂಲಿಗೆ ಸೈಕಲ್ ತುಳಿದುಕೊಂಡು ಹೋಗುತ್ತಾಳೆ. ಆದರೆ ಗುಳಿಗೆ ಮುಟ್ಟದ್ದನ್ನು ಮುಟ್ಟಲು ನಾನು ನಾಲ್ಕು ದಿನ ತೆಗೆದುಕೊಂಡೆ. ಭಾನುವಾರ ತಲೆನೋವು, ಸೋಮವಾರ ಮೀಟಿಂಗು, ಮಂಗಳವಾರ ಏನೋ ಒಂದು. ಒಂಬತ್ತು ವರ್ಷದ ಹುಡುಗಿಯ ಮುಂದೆ ಹೋಗಿ ನಿಲ್ಲುವುದಕ್ಕೆ ಇಪ್ಪತ್ತಾರು ವರ್ಷ ಪಾಠ ಹೇಳಿದ ಹೆಂಗಸಿಗೆ ಇಷ್ಟೊಂದು ಕಷ್ಟವಾಗುತ್ತದೆ ಎಂದು ಗೊತ್ತಿರಲಿಲ್ಲ. ಬುಧವಾರ ಮಧ್ಯಾಹ್ನ ಅವರ ಸ್ಕೂಟರು ಶಾಲೆಯ ಗೇಟಿನಲ್ಲಿ ನಿಂತಿತು. ಏನೂ ಕೇಳಲಿಲ್ಲ, "ನಡೀರಿ, ಹೋಗೂಣು" ಅಂದರು. ಅವರು ಸ್ಕೂಟರನ್ನು ತಳ್ಳಿಕೊಂಡು, ನಾನು ಪಕ್ಕದಲ್ಲಿ, ಗಾಯರಾಣದವರೆಗೆ ನಡೆದೆವು.

ರೇಣುಕಾ ಶೆಡ್ಡಿನ ಹೊಸ್ತಿಲಲ್ಲಿ ತಮ್ಮನ ತಲೆ ಬಾಚುತ್ತಿದ್ದಳು. ನನ್ನನ್ನು ಕಂಡದ್ದೇ ಎದ್ದು ಒಳಗೆ ಹೋಗಿ ಬಾಗಿಲ ಮರೆಗೆ ನಿಂತಳು. ಫಕೀರವ್ವ ಕೈ ಒರೆಸಿಕೊಳ್ಳುತ್ತ ಬಂದು ಗೋಣಿಚೀಲ ಹಾಸಿದಳು. ನಾನು ಕೂರಲಿಲ್ಲ.

"ರೇಣುಕಾ, ಅವತ್ತ ನಾ ಅಂದದ್ದು ತಪ್ಪವಾ. ನಿನ್ನ ಹೊಟ್ಟ್ಯಾಗ ಹುಳ ಇದ್ದೂ, ಅದಕ್ಕ ನಿನಗ ಖಡು ತಿನ್ನಬೇಕ ಅನಸ್ತಿತ್ತು. ನಿಂದೇನೂ ತಪ್ಪಿಲ್ಲ. ತಪ್ಪ ನಂದು."

ಬಾಗಿಲ ಮರೆಯಿಂದ ಅರ್ಧ ಮುಖ ಕಂಡಿತು. ನನ್ನನ್ನಲ್ಲ, ಅವಳು ಅವರನ್ನು ನೋಡಿ ಕೇಳಿದಳು:

"ಮಾಮಾ, ಹಂಗಾದ್ರ ನಾ ಕಳ್ಳಿ ಅಲ್ಲನ್ರಿ?"

ನಾನು ಅಂದದ್ದನ್ನು ಅವಳು ನಂಬಿಬಿಟ್ಟಿದ್ದಳು. ಅಕ್ಕಾವರು ಅಂದ ಮೇಲೆ ಅದು ಖರೆಯೇ ಇರಬೇಕು ಎಂದು ಒಂದೂವರೆ ತಿಂಗಳು ಆ ತಗಡಿನ ಕೋಣೆಯಲ್ಲಿ ತನ್ನನ್ನು ತಾನು ಕಳ್ಳಿ ಎಂದೇ ತಿಳಿದುಕೊಂಡು ಬದುಕಿದ್ದಳು.

"ಅಲ್ಲವಾ ನನ್ನವ್ವ" ಅಂದರು ಅವರು. "ಅಲ್ಲಾ ಅಂತ ನಿಮ್ಮ ಅಕ್ಕಾರ ಹೇಳಾಕ ಬಂದಾರ ನೋಡು."

ಅವಳು ಹೊರಗೆ ಬಂದಳು. ನಮ್ಮಿಬ್ಬರ ನಡುವಿನಿಂದ ನುಸುಳಿ ಪಕ್ಕದ ಶೆಡ್ಡಿಗೆ ಓಡಿದಳು. "ಎಕ್ಕಾ, ನಾ ಕಳ್ಳಿ ಅಲ್ಲಂತ!" ಅಂತ ಕೂಗಿದಳು. ಅಲ್ಲಿಂದ ಮುಂದಿನದಕ್ಕೆ. "ಆಯೀ, ನಾ ಕಳ್ಳಿ ಅಲ್ಲಂತ, ಅಕ್ಕಾರ ಹೇಳ್ಯಾರ!" ಮೂರನೆಯ ಶೆಡ್ಡಿಗೆ ಹೋಗುವಷ್ಟರಲ್ಲಿ ಓಟ ನಡಿಗೆಯಾಯಿತು. ನಾಲ್ಕನೆಯದರ ಮುಂದೆ ತಗಡು ಹಿಡಿದು ನಿಂತಳು, ಬಾಯಿ ತೆರೆದಳು, ದನಿ ಬರಲಿಲ್ಲ. ಮೈಯಲ್ಲಿ ರಕ್ತವಿರಲಿಲ್ಲವಲ್ಲ. ಅಲ್ಲೇ ಕುಸಿದು ಕೂತು, ಇನ್ನೂ ಉಳಿದಿದ್ದ ಸಾಲನ್ನು ನೋಡುತ್ತ ಏದುಸಿರು ಬಿಡತೊಡಗಿದಳು.

ಅವರು ಸ್ಕೂಟರಿಗೆ ಸ್ಟ್ಯಾಂಡು ಹಾಕಿ ಹೋಗಿ ಅವಳ ಮುಂದೆ ಕುಕ್ಕರಗಾಲಿನಲ್ಲಿ ಕೂತರು. "ನೀ ಇಲ್ಲೇ ಕುಂದರು, ಏಳಬ್ಯಾಡ. ಉಳಿದ ಮನಿಗೆ ನಾ ಹೇಳಿ ಬರ್ತೇನಿ" ಅಂದರು. ನಿವೃತ್ತಿಗೆ ಎರಡು ವರ್ಷ ಉಳಿದಿದ್ದ ಆ ಮನುಷ್ಯ ಎದ್ದು, ಅಂಗಿ ಜಾಡಿಸಿಕೊಂಡು, ಆ ನಾಲ್ಕನೆಯ ಶೆಡ್ಡಿನ ಬಾಗಿಲಿಗೆ ಹೋಗಿ ನಿಂತರು. "ಯವ್ವಾ, ಸ್ವಲ್ಪ ಹೊರಗ ಬರ್ರಿ. ಫಕೀರವ್ವನ ಮಗಳು ಕಳ್ಳಿ ಅಲ್ರಿ" ಅಂದರು. ಡಬ್ಬಿ ಕೇಳುವಾಗಿನ ದನಿಯೇ, ಅಷ್ಟೇ ಸಾದಾ.

ಅವರು ಐದನೆಯ ಬಾಗಿಲು ತಟ್ಟುವ ಹೊತ್ತಿಗೆ ನಾನು ಅವರ ಜೊತೆ ಸೇರಿಕೊಂಡಿದ್ದೆ. ಬಾಗಿಲು ತೆರೆಯಿತು. ಅವರು ಬಾಯಿ ತೆರೆದರು. ನಾನು ಅವರ ತೋಳು ಮುಟ್ಟಿ ತಡೆದೆ.

"ನಾ ಹೇಳತೇನ್ರಿ" ಅಂದೆ.

ಅವರು ಸರಿದು ನಿಂತು ನನಗೆ ಜಾಗ ಬಿಟ್ಟರು. ಇನ್ನೂ ಹದಿನೇಳು ಬಾಗಿಲು ಇದ್ದವು.